ಮನೆಯಲ್ಲೇ ತೋಟೆ ತುಂಬುವುದು: ಮೆಕ್ 600 ಜೂನಿಯರ್ ಜೊತೆ ಎರಡು ಚಳಿಗಾಲ

ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಉಳಿಸೋಣ ಅಂತ ಕೋವಿಯ 12 ಗೇಜ್ (ಗೇಜ್ ಅಂದರೆ ನಳಿಗೆಯ ಅಳತೆ) ತೋಟೆ ತುಂಬುವ ಮಿಷನ್ ಕೊಳ್ಳಲು ಹೊರಟಿದ್ದರೆ ಸ್ವಲ್ಪ ನಿಲ್ಲಿ. ಕೆಳಗೆ ಲೆಕ್ಕ ಹಾಕಿದ್ದೇನೆ, ಅದನ್ನ ನೋಡಿಕೊಂಡು ಹೋಗಿ. ಮಿಷನ್ ಮಾತ್ರ ಒಳ್ಳೆಯದು. ಎರಡು ಚಳಿಗಾಲ ಬಳಸಿದ್ದೇನೆ, ಇನ್ನೂ ಇಪ್ಪತ್ತು ವರ್ಷ ಬಳಸಿದರೂ ಅದಕ್ಕೇನೂ ಆಗಲಿಕ್ಕಿಲ್ಲ. ಆದರೆ ಅದು ಒಳ್ಳೆಯದು ಅನ್ನೋದು ಬೇರೆ ಮಾತು, ನಿಮಗೆ ಬೇಕಾ ಅನ್ನೋದು ಬೇರೆ ಮಾತು, ಅಲ್ವಾ.

ನಾನು ಕೊಪ್ಪದ ಕಡೆಯವನು. ಈಗ ಇರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮಿಲ್ವಾಕಿ ಪಕ್ಕ. ಬೇಸಿಗೆಯಲ್ಲಿ ವಾರಕ್ಕೊಂದು ಸಂಜೆ ಒಂದು ಸಣ್ಣ ಕ್ಲಬ್ಬಿನಲ್ಲಿ ಟ್ರ್ಯಾಪ್ ಆಡುತ್ತೇನೆ. ಟ್ರ್ಯಾಪ್ ಅಂದರೆ, ಗೊತ್ತಿಲ್ಲದವರಿಗೆ, ಮುಂದೆ ಒಂದು ಗುಂಡಿಯಂಥ ಮನೆಯಿಂದ ತಟ್ಟೆಯಂಥ ಬಿಲ್ಲೆ ಹಾರುತ್ತದೆ, ಅದನ್ನ ಗಾಳಿಯಲ್ಲೇ ಹೊಡೆದು ಪುಡಿ ಮಾಡಬೇಕು. ಒಂದು ರೌಂಡಿಗೆ 25 ಬಿಲ್ಲೆ. ತೋಟೆಯ ಡಬ್ಬಿಯಲ್ಲೂ 25 ಇರುತ್ತವೆ. ಅಂದರೆ ಒಂದು ರೌಂಡ್ ಆಡಿದರೆ ಒಂದು ಡಬ್ಬಿ ಖಾಲಿ. ಒಂದು ಸಂಜೆ ಎರಡು ರೌಂಡ್, ಮನಸ್ಸು ತಡೆಯದಿದ್ದರೆ ಮೂರು. ಹೊಸಬರಿಗೆ ಇಲ್ಲೇ ಜೇಬು ಸುಡುವುದು.

ತೋಟೆ ತುಂಬುವ ಹುಚ್ಚು ಹಿಡಿಸಿದ್ದು ಕ್ಲಬ್ಬಿನ ಒಬ್ಬ ಅಜ್ಜ. ಎಪ್ಪತ್ತು ದಾಟಿದವರು, ಮೊದಲು ಲೇತ್ ಮಿಷನ್ ಕೆಲಸದಲ್ಲಿದ್ದವರು. ನಾವೆಲ್ಲ ಹೊಡೆದು ಎಸೆದ ಖಾಲಿ ತೋಟೆಗಳನ್ನ ಬಗ್ಗಿ ಬಗ್ಗಿ ಆರಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಇಲ್ಲಿ ಖಾಲಿ ತೋಟೆಗೆ ಹಲ್ ಅನ್ನುತ್ತಾರೆ. ಹಸಿರು ಬಣ್ಣದ್ದು ಕಂಡರೆ ಅವರ ಮುಖ ಅರಳುತ್ತಿತ್ತು, ಅಗ್ಗದ ತೋಟೆಯಾದರೆ ಕಾಲಲ್ಲಿ ಒದ್ದು ಮುಂದೆ ಹೋಗುತ್ತಿದ್ದರು. ಕೇಳಿದ್ದಕ್ಕೆ ಒಂದು ಭಾನುವಾರ ಮನೆಗೆ ಕರೆದು, ನೆಲಮಾಳಿಗೆಯಲ್ಲಿ ಮಿಷನ್ ತೋರಿಸಿದರು. ಅಲ್ಲೇ ನಿಂತು ನಾನೇ ಒಂದು ಡಬ್ಬಿ ತುಂಬಿದೆ. ಮುಗಿಯಿತು ಕಥೆ.

ನನಗೆ ಅಷ್ಟು ಬೇಗ ಹಿಡಿಸಲು ಇನ್ನೊಂದು ಕಾರಣ ಇತ್ತು. ನಮ್ಮ ಅಜ್ಜಯ್ಯನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಒಂದು ಕೇಪಿನ ಕೋವಿ ಇತ್ತು. ಎಲೆಕ್ಷನ್ ಬಂದಾಗಲೆಲ್ಲ ಅದನ್ನ ಗೋಣಿ ಸುತ್ತಿಕೊಂಡು ಹೋಗಿ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬರುವುದೇ ಒಂದು ಕೆಲಸ. ಈಡು ಮಾಡುವಾಗ ಅವರು ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ಕತ್ತವನ್ನ ಉಂಡೆ ಮಾಡಿ ತುರುಕಿ, ಗಜ ಅನ್ನುವ ಉದ್ದ ಸರಳಿನಲ್ಲಿ ಗುದ್ದಿ, ಮೇಲೆ ಚರೆ, ಅಂದರೆ ಸೀಸದ ಸಣ್ಣ ಗುಂಡು ಹಾಕಿ, ಚರೆ ಉದುರದ ಹಾಗೆ ಮತ್ತೆ ಸ್ವಲ್ಪ ಕತ್ತ ತುರುಕುತ್ತಿದ್ದರು. ಆಮೇಲೆ ಗಜ ಎಷ್ಟು ಬೆರಳು ಹೊರಗೆ ನಿಂತಿದೆ ಅಂತ ಬೆರಳಿಟ್ಟು ಅಳೆದು ನೋಡುವುದು. ಒಂದು ಬೆರಳು ಹೆಚ್ಚು ಕಮ್ಮಿ ಆದರೂ ಮುಖ ಗಂಟಾಗುತ್ತಿತ್ತು. ಕೇಪು, ಅಂದರೆ ಬಡಿದರೆ ಮದ್ದಿಗೆ ಕಿಡಿ ಕೊಡುವ ಸಣ್ಣ ಟೋಪಿ, ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಮಿಲ್ವಾಕಿಯ ಆ ನೆಲಮಾಳಿಗೆಯಲ್ಲಿ ನಿಂತಾಗ ಹೊಳೆದದ್ದು ಇದೇ. ಪ್ಲಾಸ್ಟಿಕ್ ತೋಟೆ ಒಳಗೆ ಇರುವುದೂ ಅದೇ ನಾಲ್ಕು ಸಾಮಾನು. ಕೇಪಿನ ಜಾಗದಲ್ಲಿ ಪ್ರೈಮರ್, ಕತ್ತದ ಜಾಗದಲ್ಲಿ ವ್ಯಾಡ್ ಅನ್ನುವ ಪ್ಲಾಸ್ಟಿಕ್ ಬಟ್ಟಲು. ಮದ್ದು ಮದ್ದೇ, ಚರೆ ಚರೆಯೇ. ಕೋವಿಯ ಒಳಗೆ ಮಾಡುತ್ತಿದ್ದ ಕೆಲಸವನ್ನ ಕೋವಿಯ ಹೊರಗೆ ಮಾಡುತ್ತೇವೆ, ಅಷ್ಟೆ. ಮದ್ದು ಮಾತ್ರ ಅಜ್ಜಯ್ಯನ ಕರಿಮದ್ದಲ್ಲ, ಹೊಗೆ ಇಲ್ಲದ ಮದ್ದು. ಅದರ ತಾಕತ್ತು ಬೇರೆ, ಅಂದಾಜಿಗೆ ಬಗ್ಗುವ ಜಾತಿಯಲ್ಲ. ಇದನ್ನ ಕೆಳಗೆ ಮತ್ತೆ ಹೇಳುತ್ತೇನೆ.

ಇನ್ನು ಯಾವ ಮಿಷನ್ ಅನ್ನುವ ಪ್ರಶ್ನೆ. ಹೊಸಬರ ಮುಂದೆ ಸಾಮಾನ್ಯವಾಗಿ ಬರುವುದು ಎರಡು ಹೆಸರು, ತಮಾಷೆ ಅಂದರೆ ಎರಡೂ ನಮ್ಮ ವಿಸ್ಕಾನ್ಸಿನ್‌ನವೇ. ಒಂದು ಹಾರ್ಟ್‌ಫರ್ಡ್ ಊರಿನ ಲೀ ಕಂಪನಿಯ ಲೋಡ್ ಆಲ್. ಇನ್ನೊಂದು ಮೇವಿಲ್ ಊರಿನ ಮೆಕ್. ಮೆಕ್ ಅಂದರೆ ಮೇವಿಲ್ ಇಂಜಿನಿಯರಿಂಗ್ ಕಂಪನಿ, 1945ರಲ್ಲಿ ಶುರುವಾದದ್ದು. ಎರಡು ಊರಿಗೂ ನಮ್ಮ ಮನೆಯಿಂದ ಬೆಳಿಗ್ಗೆ ಹೊರಟರೆ ಊಟಕ್ಕೆ ವಾಪಸ್ ಬರಬಹುದು.

ಲೀಯ ಲೋಡ್ ಆಲ್ ಅಗ್ಗ. ಬಹುಪಾಲು ಪ್ಲಾಸ್ಟಿಕ್, ಹಗುರ, ಮದ್ದು ಚರೆ ಅಳೆಯುವ 24 ಬುಶಿಂಗ್ ಡಬ್ಬಿಯ ಜೊತೆಗೇ ಬರುತ್ತವೆ, ಬೇರೆ ಕೊಳ್ಳಬೇಕಾಗಿಲ್ಲ. ವರ್ಷಕ್ಕೆ ಹತ್ತಿಪ್ಪತ್ತು ಡಬ್ಬಿ ತುಂಬುವವರಿಗೆ, ಇದು ನನಗೆ ಆಗಿಬರುತ್ತಾ ಅಂತ ಸುಮ್ನೆ ನೋಡುವವರಿಗೆ ಅದೇ ಸಾಕು. ಆದರೆ 12, 16, 20 ಗೇಜಿಗೆ ಮಾತ್ರ ಸಿಗುತ್ತದೆ. 28 ಗೇಜೂ ಇಲ್ಲ, 410 ಅನ್ನುವ ಇನ್ನೂ ಸಣ್ಣ ಅಳತೆಯದೂ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಲೆಕ್ಕದ ಹತ್ತಿರ ಬೇಕಾಗುತ್ತದೆ.

ನಾನು ತಗೊಂಡಿದ್ದು ಮೆಕ್ 600 ಜೂನಿಯರ್. ಕಬ್ಬಿಣ. ಡಬ್ಬಿ ಎತ್ತಿದ ಕೂಡಲೇ ಗೊತ್ತಾಗುತ್ತದೆ. ಮೇಜಿಗೆ ಬೋಲ್ಟ್ ಹಾಕಿ ಕೂರಿಸಬೇಕು, ಇಲ್ಲದಿದ್ದರೆ ಹ್ಯಾಂಡಲ್ ಎಳೆದಾಗ ಮೇಜೇ ಎದ್ದು ಬರುತ್ತದೆ. ಕೂರಿಸಿ ಮುಗಿಸುವ ಹೊತ್ತಿಗೆ ಹೆಂಡತಿ ಬಂದು ನೋಡಿದಳು. "ರೀ, ಇದೇನು ಶಾವಿಗೆ ಒರಳು ತಂದಿದ್ದೀರಾ?" ಅಂದಳು. ನಿಜ ಹೇಳಬೇಕು ಅಂದರೆ ಅದಕ್ಕಿಂತ ಒಳ್ಳೆ ಹೋಲಿಕೆ ನನಗೂ ಹೊಳೆದಿಲ್ಲ. ಮೇಲಿಂದ ಒತ್ತುವುದೇ ಕೆಲಸ. ಶಾವಿಗೆ ಒರಳಿನ ಮೇಲೆ ಎರಡು ಬಾಟಲಿ ಬೋರಲು ನಿಲ್ಲಿಸಿ, ಒಂದರಲ್ಲಿ ಮದ್ದು, ಒಂದರಲ್ಲಿ ಚರೆ ತುಂಬಿಟ್ಟರೆ ಹೇಗಿರುತ್ತದೋ ಹಾಗೆ.

ಒಂದು ತೋಟೆ ಹೇಗೆ ತಯಾರಾಗುತ್ತದೆ ಅಂತ ಹೇಳುತ್ತೇನೆ, ಮಿಷನ್ ಹೇಗಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಕೆಳಗೆ ಐದು ಜಾಗ ಇವೆ, ಹಲ್ ಒಂದೊಂದೇ ಜಾಗ ದಾಟಬೇಕು, ದಾಟಿಸುವುದು ನಮ್ಮ ಕೈ. ಮೊದಲನೇ ಜಾಗದಲ್ಲಿ ಹ್ಯಾಂಡಲ್ ಎಳೆದರೆ ಹಳೇ ಪ್ರೈಮರ್ ಟಕ್ ಅಂತ ಕೆಳಗೆ ಬೀಳುತ್ತದೆ, ಹಿತ್ತಾಳೆ ಬುಡ ಊದಿಕೊಂಡಿದ್ದರೆ ಅದೂ ಮೊದಲಿನ ಅಳತೆಗೆ ಬರುತ್ತದೆ. ಎರಡನೆಯದರಲ್ಲಿ ಹೊಸ ಪ್ರೈಮರ್ ಇಟ್ಟು ಒತ್ತುವುದು. ಇಲ್ಲಿ ಸ್ವಲ್ಪ ಕೈಗೆ ಗೊತ್ತಾಗಬೇಕು. ಪ್ರೈಮರ್ ಬುಡದ ಸಮಕ್ಕೆ ಕೂರಬೇಕು, ಹೆಬ್ಬೆರಳು ಸವರಿದರೆ ತಡೆಯಬಾರದು. ಮೂರನೆಯ ಜಾಗವೇ ಇದರ ಹೊಟ್ಟೆ. ಹ್ಯಾಂಡಲ್ ಕೆಳಗೆ ತಂದು ಅಡ್ಡಪಟ್ಟಿಯನ್ನ ಒಂದು ಕಡೆಗೆ ತಳ್ಳಿದರೆ ಮದ್ದು ಸರ್ ಅಂತ ಇಳಿಯುತ್ತದೆ. ಹ್ಯಾಂಡಲ್ ಮೇಲೆತ್ತಿ ವ್ಯಾಡ್ ಇಟ್ಟು ಮತ್ತೆ ಒತ್ತಿ, ಪಟ್ಟಿಯನ್ನ ಇನ್ನೊಂದು ಕಡೆಗೆ ತಳ್ಳಿದರೆ ಚರೆ. ಚರೆ ಬೀಳುವ ಸದ್ದಿದೆಯಲ್ಲ, ತಗಡಿನ ಮಾಡಿನ ಮೇಲೆ ಮೊದಲ ಮಳೆ ಬಿದ್ದ ಹಾಗೆ, ಒಂದೇ ಕ್ಷಣ. ನಾಲ್ಕನೆಯದರಲ್ಲಿ ಬಾಯಿಯ ಮಡಿಕೆಗಳು ಶುರುವಾಗುತ್ತವೆ, ಐದನೆಯದರಲ್ಲಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಹಳೇ ಮಡಿಕೆ ಆರಿದ್ದರೆ ಆರು, ಎಂಟಿದ್ದರೆ ಎಂಟು. ಅದಕ್ಕೆ ತಕ್ಕ ಬಿಡಿಭಾಗ ಹಾಕಿಕೊಳ್ಳಬೇಕು.

ಕೊನೆಯ ಒತ್ತು ಮುಗಿಸಿ ತೋಟೆ ಹೊರಗೆ ತೆಗೆದಾಗ ಬಾಯಿ ಚಪ್ಪಟೆಯಾಗಿ, ನಡುವೆ ತೂತಿಲ್ಲದೆ, ಕಜ್ಜಾಯದ ಅಂಚಿನ ಹಾಗೆ ಸಣ್ಣ ಏಣು ಎದ್ದು ಕೂತಿದ್ದರೆ ಆಹಾ. ಮೊದಲ ದಿನ ಒಂದೂ ಹಾಗೆ ಬರಲಿಲ್ಲ ಅನ್ನೋದು ಬೇರೆ ಮಾತು.

ಯಾಕೆ ಬರಲಿಲ್ಲ ಅಂದರೆ ಕಥೆ ಇದೆ. ಮಿಷನ್ ಬಂದ ಖುಷಿಯಲ್ಲಿ ಹತ್ತಿರದ ಒಂದು ಅಂಗಡಿಗೆ ಹೋಗಿ ವ್ಯಾಡ್ ಕೇಳಿದೆ. ಹೆಸರು ಬೇಡ. ಕೌಂಟರಿನಲ್ಲಿದ್ದ ಹುಡುಗ ಯಾವ ಹಲ್ ಅಂತ ಕೇಳಲೇ ಇಲ್ಲ. "12 ಗೇಜ್ ತಾನೆ? ಯಾವುದಾದರೂ ಆಗುತ್ತೆ" ಅಂತ ಒಂದು ಚೀಲ ಕೊಟ್ಟು ಕಳಿಸಿದ. ಯಾವುದಾದರೂ ಆಗುವುದಿಲ್ಲ! ಹಲ್‌ಗಳಲ್ಲಿ ಎರಡು ಜಾತಿ. ರೆಮಿಂಗ್ಟನ್ ಎಸ್‌ಟಿಎಸ್, ವಿಂಚೆಸ್ಟರ್ ಎಎ ಥರದವು ಒಳಗೆ ಬುಡದ ಕಡೆಗೆ ಕಿರಿದಾಗುತ್ತಾ ಹೋಗುತ್ತವೆ. ಫೆಡರಲ್, ಫಿಯೋಕಿ, ಚೆಡೈಟ್ ಥರದವು ಒಳಗೆ ನೇರ, ಕೊಳವೆ ಇದ್ದ ಹಾಗೆ. ಒಂದರ ವ್ಯಾಡ್ ಇನ್ನೊಂದಕ್ಕೆ ಸರಿ ಕೂರುವುದಿಲ್ಲ. ನನ್ನ ಹತ್ತಿರ ಇದ್ದದ್ದು ಎಸ್‌ಟಿಎಸ್, ಅವನು ಕೊಟ್ಟದ್ದು ನೇರ ಹಲ್‌ನದ್ದು. ವ್ಯಾಡ್ ಮೇಲೇ ನಿಂತಿತು, ಚರೆ ಬಾಯಿಮಟ್ಟ ಬಂತು, ಮಡಿಕೆ ಮುಚ್ಚಲೇ ಇಲ್ಲ. ನಡುವೆ ಕಡಲೆಕಾಳಿನಷ್ಟು ತೂತು. ಜೇಬಿಗೆ ಹಾಕಿಕೊಂಡರೆ ಜೇಬಿನ ತುಂಬ ಚರೆ. ನಾನು ಮಿಷನ್ನಿನದೇ ತಪ್ಪು ಅಂದುಕೊಂಡು ಎರಡು ರಾತ್ರಿ ಅದರ ಸ್ಕ್ರೂ ತಿರುಗಿಸುತ್ತಾ ಕೂತಿದ್ದೆ. ಅಜ್ಜ ಬಂದು ವ್ಯಾಡ್ ಕೈಯಲ್ಲಿ ಹಿಡಿದು ನೋಡಿ ನಕ್ಕುಬಿಟ್ಟರು. ಅಂಥ ವ್ಯಾಡ್ ಹಾಕಿದ ತೋಟೆಯನ್ನ ಹೊಡೆಯಬೇಡ, ಒಡೆದು ಸಾಮಾನು ವಾಪಸ್ ತೆಗೆ ಅಂದರು. ಆವತ್ತು ರಾತ್ರಿ ಕತ್ತರಿ ಹಿಡಿದು 50 ತೋಟೆ ಬಿಚ್ಚಿದೆ. ಬುದ್ಧಿ ಬಂತು.

ಹೊಡೆಯಬೇಡ ಅಂದದ್ದು ಯಾಕೆ ಅಂದರೆ, ಇದು ಅಂದಚಂದದ ಪ್ರಶ್ನೆ ಅಲ್ಲ. ತೋಟೆಯ ರೆಸಿಪಿ ಅಂದರೆ ಪೂರ್ತಿ ರೆಸಿಪಿ. ಯಾವ ಕಂಪನಿಯ ಯಾವ ಹಲ್, ಯಾವ ಪ್ರೈಮರ್, ಯಾವ ಮದ್ದು ಎಷ್ಟು ಗ್ರೇನ್, ಯಾವ ವ್ಯಾಡ್, ಎಷ್ಟು ಔನ್ಸ್ ಚರೆ, ಐದೂ ಸೇರಿ ಒಂದು ಸಾಲು. ಅದನ್ನ ಪರೀಕ್ಷೆ ಮಾಡಿ ಕೊಡುವುದು ಮದ್ದು ತಯಾರಿಸುವ ಕಂಪನಿಗಳು. ಹಾಡ್ಜ್‌ಡನ್, ಅಲಯಂಟ್ ಎರಡೂ ತಮ್ಮ ಪಟ್ಟಿಯನ್ನ ಆನ್‌ಲೈನ್‌ನಲ್ಲಿ ಪುಕ್ಕಟೆ ಇಟ್ಟಿವೆ. ಆ ಸಾಲಿನಲ್ಲಿ ಒಂದು ಸಾಮಾನು ಬದಲಾದರೂ ಒತ್ತಡ ಬದಲಾಗುತ್ತದೆ. 2¾ ಇಂಚಿನ 12 ಗೇಜ್ ತೋಟೆಗೆ ಇಲ್ಲಿನ ಒತ್ತಡದ ಮಿತಿ 11,500 ಪಿಎಸ್‌ಐ. ಫೆಡರಲ್ ಪ್ರೈಮರ್ ಇಲ್ಲ, ಇನ್ನೊಂದು ಇದೆ, ಎರಡೂ 209 ಸೈಜೇ ತಾನೆ ಅಂತ ಹಾಕಿಬಿಟ್ಟರೆ, ಸೈಜು ಒಂದೇ ಇರಬಹುದು, ಬೆಂಕಿಯ ಜೋರು ಒಂದೇ ಅಲ್ಲ. ಅಡುಗೆಮನೆಯಲ್ಲಿ ಬ್ಯಾಡಗಿ ಮೆಣಸಿನ ಬದಲು ಗುಂಟೂರು ಹಾಕಿದರೆ ಊಟ ಮಾಡಿದವರು ಬೈಯುತ್ತಾರೆ ಅಷ್ಟೆ. ಇಲ್ಲಿ ಕೋವಿ ಕೆನ್ನೆಯ ಪಕ್ಕ ಇರುತ್ತದೆ. ಅದಕ್ಕೇ ನಾನು ಹಾಕುವ ಮದ್ದಿನ ಅಳತೆ ಇಲ್ಲಿ ಬರೆಯುತ್ತಿಲ್ಲ, ನನ್ನಂಥ ಯಾರೋ ಬರೆದ ಅಳತೆಯನ್ನ ನೀವೂ ನಂಬಬೇಡಿ.

ಅಳತೆಯ ಮಾತು ಬಂದಾಗ ಈ ಮಿಷನ್ನಿನ ಒಂದು ಗುಣ ಹೇಳಲೇಬೇಕು. ಮದ್ದನ್ನ ಅಳೆಯುವುದು ತಕ್ಕಡಿ ಅಲ್ಲ, ಬುಶಿಂಗ್. ಅಂದರೆ ಅಡ್ಡಪಟ್ಟಿ ಒಳಗೆ ಕೂರಿಸುವ ಒಂದು ಸಣ್ಣ ಬಳೆ, ಅದರ ತೂತಿನಷ್ಟು ಮದ್ದು. ನಂಬರ್ ಹಾಕಿದ ಬಳೆಗಳು ಬೇರೆ ಬೇರೆ ಸಿಗುತ್ತವೆ, ಯಾವ ಮದ್ದಿಗೆ ಯಾವ ನಂಬರ್ ಅಂತ ಚಾರ್ಟ್ ಕೂಡ ಇದೆ. ಅಂದರೆ ಇದು ಸೇರಿನ ಲೆಕ್ಕ, ತೂಕದ ಲೆಕ್ಕ ಅಲ್ಲ. ಪಾವಿನಲ್ಲಿ ಅಕ್ಕಿ ಅಳೆಯುವಾಗ ಕುಲುಕಿದರೆ ಜಾಸ್ತಿ ಹಿಡಿಯುತ್ತದೆ, ಮೆತ್ತಗೆ ಸುರಿದರೆ ಕಮ್ಮಿ, ಅಲ್ವಾ? ಇಲ್ಲೂ ಹಾಗೇ. ಹ್ಯಾಂಡಲ್ ಧಡಾರ್ ಅಂತ ಎಳೆಯುವವನ ತೂಕ ಬೇರೆ, ನಿಧಾನಕ್ಕೆ ಎಳೆಯುವವನದ್ದು ಬೇರೆ. ಹಾಗಾಗಿ ಚಾರ್ಟ್ ಬರೀ ಶುರುವಿಗೆ. ಒಂದು ತಕ್ಕಡಿ ಇಟ್ಟುಕೊಳ್ಳಲೇಬೇಕು. ಮಿಷನ್ ಜೊತೆ ಅದು ಬರುವುದಿಲ್ಲ, ನಿಮ್ಮ ಬಜೆಟ್ಟಿನಲ್ಲಿ ಈಗಲೇ ಸೇರಿಸಿಕೊಳ್ಳಿ. ನಾನು ಹತ್ತು ಸಲ ಇಳಿಸಿ ತೂಗಿ ಸರಾಸರಿ ನೋಡುತ್ತೇನೆ, ಆಮೇಲೆ ಪ್ರತಿ ಡಬ್ಬಿಗೊಮ್ಮೆ ಒಂದು ತೂಗುತ್ತೇನೆ. ಗ್ರೇನ್ ಅಂದರೆ ಪೌಂಡಿನ 7000ದಲ್ಲಿ ಒಂದು ಭಾಗ, ಎಷ್ಟು ಸಣ್ಣ ಲೆಕ್ಕ ಅಂತ ನೀವೇ ನೋಡಿ. ಅಜ್ಜಯ್ಯನ ಬೆರಳಳತೆ ಇಲ್ಲಿ ನಡೆಯುವುದಿಲ್ಲ. ಆದರೆ ಗಜ ಹೊರಗೆ ನಿಂತದ್ದನ್ನ ನೋಡುವ ಅವರ ಕಣ್ಣು ಬೇಕು. ವ್ಯಾಡ್ ಇಡುವ ಮುಂಚೆ ಪ್ರತಿ ಹಲ್‌ನೊಳಗೂ ಒಮ್ಮೆ ಬಗ್ಗಿ ನೋಡುವುದು, ಮದ್ದು ಬಿದ್ದಿದೆಯಾ ಅಂತ.

ನೋಡದಿದ್ದರೆ ಏನಾಗುತ್ತದೆ ಅಂತ ನನಗೆ ಅನುಭವ ಇದೆ. ಮೊದಲ ಚಳಿಗಾಲ, ರಾತ್ರಿ ಒಂಬತ್ತೂವರೆ ಹೊತ್ತಿಗೆ ತುಂಬುತ್ತಾ ಕೂತಿದ್ದೆ. ಅಮ್ಮನ ವಾಟ್ಸಾಪ್ ಕಾಲ್. ಅಲ್ಲಿ ಬೆಳಿಗ್ಗೆ, ಅಡಿಕೆ ಸುಲಿಯುವವರು ಬಂದಿಲ್ಲ ಅಂತ ಒಂದು ರಾಮಾಯಣ. ಫೋನ್ ಕಿವಿಗೆ ಸಿಕ್ಕಿಸಿಕೊಂಡೇ ಹ್ಯಾಂಡಲ್ ಎಳೆಯುತ್ತಾ ಹೋದೆ. ಏಪ್ರಿಲ್‌ನಲ್ಲಿ ಕ್ಲಬ್ಬಿನಲ್ಲಿ ಆ ಡಬ್ಬಿ ತೆಗೆದು ಹೊಡೆದಾಗ ಒಂದು ತೋಟೆ ಢಂ ಅನ್ನುವ ಬದಲು ಪುಸ್ ಅಂತು. ಬಿಲ್ಲೆ ತನ್ನ ಪಾಡಿಗೆ ಹಾರಿ ಹೋಯಿತು. ನಾನು ಕೋವಿ ಮಡಚಿ ಮುಂದಿನ ತೋಟೆಗೆ ಕೈ ಹಾಕಿದ್ದೆ, ಹಿಂದಿನಿಂದ ಅಜ್ಜ ಕೂಗಿದ ಕೂಗಿಗೆ ಇಡೀ ಸಾಲೇ ನಿಂತಿತು. ಮದ್ದಿಲ್ಲದ ತೋಟೆ. ಪ್ರೈಮರ್ ಒಂದರ ಜೋರಿಗೆ ವ್ಯಾಡ್ ನಳಿಗೆಯ ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಸೀಳುತ್ತಿತ್ತು. ಕೋಲು ಹಾಕಿ ಗುದ್ದಿ ಹೊರಗೆ ತೆಗೆದೆವು, ಥೇಟ್ ಗಜ ಹಾಕಿದ ಹಾಗೆ. ಮಿಷನ್ನಿನ ತಪ್ಪು ಇದರಲ್ಲಿ ಒಂದು ಚೂರೂ ಇಲ್ಲ. ಆವತ್ತಿಂದ ಫೋನ್ ಮಹಡಿಯ ಮೇಲೆ, ನಾನು ಕೆಳಗೆ. ಕೋವಿ ಸದ್ದು ಎಂದಿನ ಹಾಗೆ ಬರಲಿಲ್ಲ ಅಂದರೆ ನಿಲ್ಲಿಸಿ ನಳಿಗೆ ಒಳಗೆ ಬೆಳಕು ನೋಡುವುದು, ಪಕ್ಕದವರು ನಕ್ಕರೂ ಸರಿ.

ಬೇರೆ ಜಾಗ್ರತೆಗಳು ಬೇಗ ಹೇಳಿ ಮುಗಿಸುತ್ತೇನೆ. ಪ್ರೈಮರ್‌ಗಳನ್ನ ಅವು ಬಂದ ಟ್ರೇನಲ್ಲೇ ಇಡಿ. ಡಬ್ಬಿಗೆ ಸುರಿದು ಗಲಗಲ ಮಾಡುವುದು ಬೇಡ, ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ. ಕೆಲಸ ಮುಗಿದ ಮೇಲೆ ಬಾಟಲಿಯಲ್ಲಿ ಉಳಿದ ಮದ್ದನ್ನ ಅದರ ಸ್ವಂತ ಡಬ್ಬಕ್ಕೆ ವಾಪಸ್ ಹಾಕಿ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದು, ಇಲ್ಲದಿದ್ದರೆ ಒಂದು ತಿಂಗಳ ನಂತರ ಬಾಟಲಿ ನೋಡಿ ಇದು ಯಾವುದು ಅಂತ ತಲೆ ಕೆರೆದುಕೊಳ್ಳುತ್ತೀರಿ, ಗೊತ್ತಿಲ್ಲದ ಮದ್ದನ್ನ ಬಳಸುವ ಹಾಗೇ ಇಲ್ಲ. ಚರೆ ಸೀಸ. ಚರೆ ಮುಟ್ಟಿದ ಕೈಯಲ್ಲಿ ಚಕ್ಕುಲಿ ತಿನ್ನಬೇಡಿ, ಕಾಫಿ ಲೋಟ ಮೇಜಿನ ಹತ್ತಿರ ಬೇಡ, ಮಕ್ಕಳು ಆ ಕೋಣೆಗೆ ಬರುವುದೇ ಬೇಡ. ಮತ್ತೆ ಬಾತುಕೋಳಿ ಬೇಟೆಗೆ ಹೋಗುವವರು ಕೇಳಿ, ನೀರುಹಕ್ಕಿಗಳಿಗೆ ಸೀಸದ ಚರೆ ಅಮೆರಿಕದಲ್ಲಿ 1991ರಿಂದ ಪೂರ್ತಿ ನಿಷೇಧ. ಉಕ್ಕಿನ ಚರೆಗೆ ವ್ಯಾಡ್ ಬೇರೆ, ರೆಸಿಪಿ ಬೇರೆ. ಹೊಸಬರು ಅದನ್ನ ಮುಟ್ಟದೇ ಇರುವುದು ವಾಸಿ.

ಈಗ ಲೆಕ್ಕ. ನಾನು ಕೊಟ್ಟ ಬೆಲೆಗಳು ಇವು, ನಿಮ್ಮ ಕಡೆ ಬೇರೆ ಇರಬಹುದು. 25 ಪೌಂಡಿನ ಚರೆ ಚೀಲ 52 ಡಾಲರ್. ಅದರಲ್ಲಿ 400 ಔನ್ಸ್, ನಾನು ತುಂಬುವುದು ತೋಟೆಗೆ ಒಂದು ಔನ್ಸ್, ಅಲ್ಲಿಗೆ ಒಂದಕ್ಕೆ 13 ಸೆಂಟ್. ಪ್ರೈಮರ್ ಸಾವಿರಕ್ಕೆ 70 ಡಾಲರ್, 7 ಸೆಂಟ್. ವ್ಯಾಡ್ 500ಕ್ಕೆ 14 ಡಾಲರ್, ಸುಮಾರು 3 ಸೆಂಟ್. ಮದ್ದು ಪೌಂಡಿಗೆ 36 ಡಾಲರ್, ನನಗೆ ಅದರಲ್ಲಿ 390 ತೋಟೆ ಆಗುತ್ತವೆ, ಸುಮಾರು 9 ಸೆಂಟ್. ಹಲ್ ಪುಕ್ಕಟೆ, ಬಗ್ಗಿ ಆರಿಸಿದ ಸೊಂಟನೋವು ಲೆಕ್ಕಕ್ಕಿಲ್ಲ. ಒಟ್ಟು 32 ಸೆಂಟ್. ಡಬ್ಬಿಗೆ 8 ಡಾಲರ್. ಅಂಗಡಿಯಲ್ಲಿ ಹತ್ತು ಡಬ್ಬಿ ಒಟ್ಟಿಗೆ ತಗೊಂಡರೆ ತಯಾರಾದ ತೋಟೆಯೇ ಡಬ್ಬಿಗೆ ಒಂಬತ್ತೂವರೆಗೆ ಸಿಗುತ್ತದೆ. ಉಳಿದದ್ದು ಒಂದೂವರೆ ಡಾಲರ್! ಮಿಷನ್ನಿಗೆ 250, ತಕ್ಕಡಿ ಬುಶಿಂಗ್ ಅದು ಇದು ಅಂತ 60. ಆ 310 ವಾಪಸ್ ಬರಬೇಕಾದರೆ 207 ಡಬ್ಬಿ ತುಂಬಬೇಕು. ನಾನು ವರ್ಷಕ್ಕೆ ಹೊಡೆಯುವುದು 80 ಡಬ್ಬಿ. ನೀವೇ ಭಾಗಾಕಾರ ಮಾಡಿ. ಇನ್ನು ಮದ್ದು, ಪ್ರೈಮರ್ ಆನ್‌ಲೈನ್‌ನಲ್ಲಿ ತರಿಸಿದರೆ ಅಪಾಯದ ಸಾಮಾನು ಅಂತ ಪ್ರತ್ಯೇಕ ಚಾರ್ಜ್ ಬೀಳುತ್ತದೆ, ಸ್ವಲ್ಪ ಸ್ವಲ್ಪ ತರಿಸಿದರೆ ಉಳಿದ ಒಂದೂವರೆ ಡಾಲರ್ ಅಲ್ಲೇ ಹೋಯಿತು. 2020ರ ನಂತರ ಒಂದಷ್ಟು ಕಾಲ ಪ್ರೈಮರ್ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಆಗ ಮಿಷನ್ ಇದ್ದವರೂ ಸುಮ್ನೆ ಕೂತಿದ್ದರಂತೆ.

ಹಾಗಾದರೆ ಯಾಕೆ ತುಂಬುತ್ತೀಯಾ ಅಂದರೆ, ಒಂದು, ನನಗೆ ಬೇಕಾದ ತೋಟೆ ಸಿಗುತ್ತದೆ. ಒಂದು ಔನ್ಸಿನ ಮೆತ್ತನೆಯ ತೋಟೆ, ಭುಜಕ್ಕೆ ಒದೆ ಕಮ್ಮಿ, ಮೂರು ರೌಂಡ್ ಆಡಿದರೂ ಮರುದಿನ ಕೈ ಎತ್ತಬಹುದು. ಎರಡು, ವಿಸ್ಕಾನ್ಸಿನ್ ಚಳಿಗಾಲ. ನವೆಂಬರಿನಿಂದ ಜನವರಿ ತನಕ ಐದು ಗಂಟೆಗೆಲ್ಲ ಕತ್ತಲು, ಹೊರಗೆ ಹಿಮ, ಮನುಷ್ಯ ಏನು ಮಾಡಬೇಕು? ಮೂರನೆಯದು 28 ಗೇಜ್.

ಇದೇ ಅಸಲು ವಿಷಯ. ಗೇಜ್ ಅಂದರೆ ಒಂದು ಪೌಂಡ್ ಸೀಸದಲ್ಲಿ ನಳಿಗೆಯ ಅಳತೆಯ ಎಷ್ಟು ಗುಂಡು ಆಗುತ್ತವೆ ಅನ್ನುವ ಲೆಕ್ಕ, ಅದಕ್ಕೇ ನಂಬರ್ ದೊಡ್ಡದಾದರೆ ನಳಿಗೆ ಸಣ್ಣದು. 28 ಗೇಜ್ ತೋಟೆ ಸಣ್ಣದು, ಮುಕ್ಕಾಲು ಔನ್ಸ್ ಚರೆ. ಆದರೆ ಕೊಳ್ಳುವವರು ಕಮ್ಮಿ, ಹಾಗಾಗಿ ಅಂಗಡಿಯಲ್ಲಿ ಬೆಲೆ ದೊಡ್ಡದು, ನಮ್ಮ ಕಡೆ ಡಬ್ಬಿಗೆ 16 ಡಾಲರ್. ಮನೆಯಲ್ಲಿ ತುಂಬಿದರೆ ಚರೆ ಕಮ್ಮಿ, ಮದ್ದು ಕಮ್ಮಿ, ಎಲ್ಲ ಸೇರಿ ಏಳು ಡಾಲರ್ ಒಳಗೆ. ಡಬ್ಬಿಗೆ 9 ಡಾಲರ್ ಉಳಿತಾಯ. ಆ ಮಿಷನ್ 35 ಡಬ್ಬಿಯಲ್ಲೇ ತನ್ನ ದುಡ್ಡು ತೀರಿಸುತ್ತದೆ. 410ರ ಕಥೆಯೂ ಹೆಚ್ಚು ಕಮ್ಮಿ ಇದೇ. ಕ್ಲಬ್ಬಿನಲ್ಲಿ ಈಗಲೂ ತುಂಬುವವರನ್ನ ನೋಡಿ, ಮುಕ್ಕಾಲು ಜನ ಸಣ್ಣ ಗೇಜಿನವರೇ. ಮೆಕ್ 600 ಜೂನಿಯರ್ 28ಕ್ಕೂ 410ಕ್ಕೂ ಸಿಗುತ್ತದೆ. ಅದಕ್ಕೇ ಮೊದಲೇ ಇದನ್ನ ಕಲಿತುಕೊಂಡರೆ ಆಮೇಲೆ ಕೈ ಪಳಗಿರುತ್ತದೆ. ಒಂದೇ ಮಿಷನ್ನಿನ ಬಿಡಿಭಾಗ ಬದಲಾಯಿಸಿ 12ರಿಂದ 28ಕ್ಕೆ ಹೋಗಬಹುದು, ಆದರೆ ಪ್ರತಿ ಸಲ ಬಿಚ್ಚಿ ಜೋಡಿಸಿ ಅಳತೆ ಕೂರಿಸುವುದಕ್ಕೆ ಒಂದು ಸಂಜೆ ಬೇಕು. ಎರಡನೇ ಮಿಷನ್ ಸೆಕೆಂಡ್ ಹ್ಯಾಂಡ್ ತಗೊಳ್ಳುವುದೇ ಸುಖ, ಹಳೇ ಮೆಕ್‌ಗಳು ಗ್ಯಾರೇಜ್ ಸೇಲ್‌ನಲ್ಲಿ ಸಿಗುತ್ತಾ ಇರುತ್ತವೆ. ಕಬ್ಬಿಣ, ಹೇಳಿದೆನಲ್ಲ.

ಕೊರತೆ ಇಲ್ಲವಾ ಅಂದರೆ ಇದೆ. ನಿಧಾನ. ಒಂದು ತೋಟೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಜಾತಿಯ ಮಿಷನ್ ಇದು. ಕಂಪನಿ ಹೇಳುವುದು ಗಂಟೆಗೆ 8ರಿಂದ 10 ಡಬ್ಬಿ. ನಾನು ಮಾಡುವುದು ನಾಲ್ಕು, ಹಾಡು ಹಾಕಿಕೊಂಡರೆ ಮೂರೂವರೆ. ಪ್ರೈಮರ್ ಒಂದೊಂದೇ ಕೈಯಲ್ಲಿ ಇಡಬೇಕು. ತಾನಾಗಿ ಬೀಳಿಸುವ ಭಾಗ ಬೇಕಾದರೆ ಬೇರೆ ಕೊಳ್ಳಬೇಕು. ಇದರ ಅಣ್ಣ ಸೈಜ್‌ಮಾಸ್ಟರ್‌ಗೆ ಅದು ಜೊತೆಗೇ ಬರುತ್ತದೆ, ಊದಿದ ಬುಡವನ್ನ ಸುತ್ತಲಿನಿಂದ ಬೆರಳುಗಳ ಹಾಗೆ ಹಿಡಿದು ಒತ್ತಿ ಸರಿ ಮಾಡುವ ವ್ಯವಸ್ಥೆಯೂ ಇದೆ. ಅಗ್ಗದ ತೋಟೆಗಳ ಬುಡ ಹಿತ್ತಾಳೆ ಬಣ್ಣದ ಉಕ್ಕು. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಅಂಥವನ್ನೇ ಜಾಸ್ತಿ ತುಂಬುವವರು ಸ್ವಲ್ಪ ದುಡ್ಡು ಹಾಕಿ ಸೈಜ್‌ಮಾಸ್ಟರ್ ತಗೊಳ್ಳಿ. ಒಂದೇ ಎಳೆತಕ್ಕೆ ಒಂದು ತೋಟೆ ಹೊರಬೀಳುವ ದೊಡ್ಡ ಮಿಷನ್‌ಗಳೂ ಇವೆ. ಮೊದಲ ಮಿಷನ್ ಅದಾಗುವುದು ಬೇಡ. ಒಟ್ಟಿಗೆ ಐದಾರು ತೋಟೆ ಐದಾರು ಹಂತದಲ್ಲಿರುವಾಗ ಎಲ್ಲೋ ಒಂದು ಕಡೆ ತಪ್ಪಿದರೆ ಹೊಸಬರಿಗೆ ಯಾವುದು ಎಲ್ಲಿತ್ತು ಅಂತಲೇ ತಿಳಿಯುವುದಿಲ್ಲ. ಇನ್ನು ಚರೆ ಚೆಲ್ಲುವುದು, ಅದು ಎಲ್ಲ ಮಿಷನ್ನಿಗೂ ಇದ್ದದ್ದೇ. ಅಡಿಗೆ ಒಂದು ಅಂಚಿರುವ ತಟ್ಟೆ ಇಡಿ. ನಾನು ಇಟ್ಟಿರಲಿಲ್ಲ. ನಮ್ಮ ವಾಷಿಂಗ್ ಮಿಷನ್ ಅಡಿಯಲ್ಲಿ ಇನ್ನೂ ಅರ್ಧ ಪೌಂಡ್ ಇರಬಹುದು.

ಕಾನೂನಿನ ಮಾತು. ಇಲ್ಲಿ ಸ್ವಂತಕ್ಕೆ ತುಂಬಿಕೊಳ್ಳಲು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಡ, ಮಾರುವುದಾದರೆ ಬೇಕು. ಆದರೆ ನಮ್ಮವರಿಗೆ ಮುಖ್ಯವಾದದ್ದು ಬೇರೆ. ಎಚ್1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ ಮಾತ್ರ ಅಲ್ಲ, ತೋಟೆ ಇಟ್ಟುಕೊಳ್ಳುವುದೂ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಅಂತ ಕೆಲವು ವಿನಾಯಿತಿ ಇವೆ, ಅದನ್ನ ವಕೀಲರ ಹತ್ತಿರ ಕೇಳಿಯೇ ಮುಂದುವರಿಯಿರಿ, ಗೆಳೆಯರ ಮಾತು ಕೇಳಿ ಅಲ್ಲ. ನಾನು ಗ್ರೀನ್ ಕಾರ್ಡ್ ಬಂದ ಮೇಲೇ ಕ್ಲಬ್ಬಿಗೆ ಸೇರಿದ್ದು. ಊರಿನಲ್ಲಿ ಓದುತ್ತಿರುವವರೇ, ನಮ್ಮಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವ ಹಾಗೇ ಇಲ್ಲ. ಕೋವಿಗೆ ಲೈಸೆನ್ಸ್ ಇದ್ದರೆ ಇದಕ್ಕೂ ಇದ್ದ ಹಾಗೆ ಅಲ್ಲ. ಕೊಡವರಿಗೆ 2029ರವರೆಗೆ ಇರುವ ವಿನಾಯಿತಿ ಕೂಡ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟೆ ತಯಾರಿಸುವುದಕ್ಕಲ್ಲ. ಹಾಗಾಗಿ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಹೊಡೆಯಲು ಮನೆಯಲ್ಲೇ ತುಂಬೋಣ ಅಂತ ಈ ಬರಹ ತೋರಿಸಬೇಡಿ ಮಾರಾಯ್ರೆ.

ಅಂಕ ಕೊಡಿ ಅಂದರೆ ಮಿಷನ್ನಿಗೆ ಐದಕ್ಕೆ ನಾಲ್ಕೂವರೆ, 12 ಗೇಜ್ ತುಂಬುವ ಯೋಚನೆಗೆ ಎರಡೂವರೆ. ಕಳೆದ ತಿಂಗಳು ಅಜ್ಜ ತಮ್ಮ ಹಳೇ 28ರ ಮಿಷನ್ ನನಗೆ ಕೊಟ್ಟರು, ನೂರು ಡಾಲರಿಗೆ, ಜೊತೆಗೆ ಒಂದು ಬಕೆಟ್ ತೊಳೆದು ಒಣಗಿಸಿದ ಹಲ್. ಈಗ ಶಾವಿಗೆ ಒರಳು ಎರಡಾಗಿದೆ, ಮೇಜು ಚಿಕ್ಕದಾಗಿದೆ, ಹೆಂಡತಿ ಏನೂ ಹೇಳಿಲ್ಲ, ಅದೇ ಸ್ವಲ್ಪ ಭಯ. ಮಿಲ್ವಾಕಿ ಕಡೆ ಯಾರಾದರೂ 28ರ ಖಾಲಿ ಹಲ್ ಎಸೆಯುವವರಿದ್ದರೆ ಎಸೆಯಬೇಡಿ, ತಿಳಿಸಿ, ನಾನೇ ಬಂದು ಆರಿಸಿಕೊಂಡು ಹೋಗುತ್ತೇನೆ.